ಏರಿಯ ಮೇಲೆ ಏದುಸಿರು ಬಿಟ್ಟ ಕಾರು

ನನ್ನ ಮೊಮ್ಮಗಳಿಗೆ ಮೊನ್ನೆ ಎರಡು ವರ್ಷ ತುಂಬಿತು. ಹೆಸರು ಇಂಚರ. ಎರಡು ವರ್ಷದ ಕೂಸು ಹದಿನಾಲ್ಕನೇ ನಂಬರ್ ಸ್ಪ್ಯಾನರ್ ಎತ್ತಿ ತಂದು ತಾತನ ಕೈಗೆ ಕೊಡುತ್ತದೆ ಅಂದರೆ ನಂಬುತ್ತೀರಾ? ಹತ್ತು ಕೇಳಿದರೂ ಹನ್ನೆರಡು ಕೇಳಿದರೂ ಹದಿನಾಲ್ಕೇ ತರುತ್ತಾಳೆ, ಅದು ಬೇರೆ ಮಾತು. ಟೀ ಅಂಗಡಿಯವನು ನನ್ನನ್ನು ಕಂಡ ಕೂಡಲೇ "ರುದ್ರಣ್ಣ, ಮೊಮ್ಮಗಳ ಸುದ್ದಿ ಬುಟ್ಟು ಇನ್ನೇನಾರ ಇದ್ರೆ ಕೂತ್ಕೊ, ಇಲ್ದಿದ್ರೆ ಟೀ ಕುಡಿದು ಹೊರಡು" ಅನ್ನುತ್ತಾನೆ. ಇನ್ನೇನೂ ಇಲ್ಲ ನನ್ನ ಹತ್ತಿರ. ಪತ್ರಿಕೆಯವರು ಕೆಲಸದ ಒಂದು ಅನುಭವ ಬರೆಯಿರಿ ಅಂದಾಗಲೂ ನೆನಪಾದದ್ದು ಆ ಕೂಸು ಹುಟ್ಟುವುದಕ್ಕೆ ಮುಂಚಿನ ಒಂದು ತಿಂಗಳು. ನಾನು ಓದಿದ್ದು ನಾಲ್ಕನೇ ಕ್ಲಾಸು. ಇದುವರೆಗೆ ಬರೆದದ್ದೆಲ್ಲ ಗಾಡಿ ನಂಬರು ಮತ್ತು ಬೇಕಾದ ಸಾಮಾನಿನ ಪಟ್ಟಿ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಆ ವರ್ಷಕ್ಕೆ ನಾನು ತಿಪಟೂರಿನಲ್ಲಿ ಸ್ವಂತ ಗ್ಯಾರೇಜು ಇಟ್ಟು ಮೂವತ್ತನಾಲ್ಕು ವರ್ಷವಾಗಿತ್ತು. ಮಗಳು ನಂದಿನಿಯನ್ನು ಬಿಳಿಗೆರೆ ಕಡೆಯ ಒಂದು ತೋಟದ ಮನೆಗೆ ಕೊಟ್ಟಿದ್ದೆ. ಅಳಿಯ ಯೋಗೀಶ ತೆಂಗಿನ ನಾರಿನ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಬೆಳಿಗ್ಗೆ ಆರೂವರೆಗೆ ಶಿಫ್ಟು, ಆರಕ್ಕೆಲ್ಲ ಮನೆ ಬಿಡಬೇಕು. ಅವನ ತಂದೆ ಮರುಳಪ್ಪನವರು ಹಿಂದಿನ ಚಳಿಗಾಲದಲ್ಲಿ ತೀರಿಕೊಂಡಿದ್ದರು. ಬಹಳ ವರ್ಷದ ದಮ್ಮಿನ ಕಾಯಿಲೆ. ಒಂದು ದಿನ ಬೆಳಗಿನ ಜಾವ ಉಸಿರು ಕಟ್ಟಿತು ಅಂತ ಯೋಗೀಶ ಅವರನ್ನು ಕಾರಿನ ಮುಂದಿನ ಸೀಟಿನಲ್ಲಿ, ತಾಯಿಯನ್ನು ಹಿಂದೆ ಕೂರಿಸಿಕೊಂಡು ತಿಪಟೂರಿಗೆ ಹೊರಟ. ಊರ ಮುಂದಿನ ಕೆರೆ ಏರಿ ದಾಟುವುದರೊಳಗೆ ಪ್ರಾಣ ಹೋಯಿತು. ಏರಿಯ ನಡು ಮಧ್ಯ, ತೂಬಿನ ಕಲ್ಲುಗಳ ಹತ್ತಿರ.

ಆ ಕಾರನ್ನು ಅವರು ಮಾರಲಿಲ್ಲ. ಎಂಟು ವರ್ಷದ ಹಳೆಯ ಪೆಟ್ರೋಲ್ ಗಾಡಿ, ಎಂಜಿನ್ ಗಟ್ಟಿಮುಟ್ಟಾಗಿತ್ತು. ಗೌರಿ ಹಬ್ಬದ ಹೊತ್ತಿಗೆ ಯೋಗೀಶ ಮೊಬೈಲು ಹಿಡಿದುಕೊಂಡು ಗ್ಯಾರೇಜಿಗೆ ಬಂದ.

"ಮಾವ, ನಾರಿನ ಧೂಳಿಗೆ ಏರ್ ಫಿಲ್ಟರ್ ತಿಂಗಳಿಗೊಂದು ಹೋಯ್ತಾ ಇದೆ. ಇದನ್ನ ಹಾಕ್ಸಣ ಅಂತ. ತೊಳೆದು ತೊಳೆದು ಹಾಕ್ಬೋದಂತೆ. ಹತ್ತು ಹಾರ್ಸ್ ಪವರ್ ಜಾಸ್ತಿನೂ ಬತ್ತದಂತೆ."

"ಹತ್ತು ಕುದುರೆನೂ ಮೊಬೈಲಲ್ಲೇ ಮೇಯ್ತಾ ಇರ್ತವೆ ಕಣಪ್ಪ. ರೋಡಿಗೆ ಬರೋದು ಎರಡೋ ಮೂರೋ," ಅಂದೆ.

ಓದುವವರಿಗೆ ತಿಳಿಯಲಿ ಅಂತ ಇಲ್ಲಿ ಸ್ವಲ್ಪ ನಮ್ಮ ಕಸುಬಿನ ಮಾತು. ಎಂಜಿನ್ ಕುಡಿಯುವುದು ಪೆಟ್ರೋಲನ್ನು ಮಾತ್ರ ಅಂತ ಜನ ತಿಳಿದಿದ್ದಾರೆ. ತೂಕ ಹಾಕಿ ನೋಡಿದರೆ ಒಂದು ಪಾಲು ಪೆಟ್ರೋಲಿಗೆ ಹದಿನಾಲ್ಕು ಹದಿನೈದು ಪಾಲು ಗಾಳಿ ಬೇಕು. ಆ ಗಾಳಿ ಒಳಗೆ ಹೋಗುವ ದಾರಿಗೆ ಏರ್ ಇಂಟೇಕ್ ಅನ್ನುತ್ತೇವೆ. ಕಂಪನಿಯಿಂದ ಬರುವುದು ಮುಚ್ಚಿದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಕಾಗದದ ಫಿಲ್ಟರ್. ಹೊರಗೆ ಸಿಗುವುದರಲ್ಲಿ ಮೂರು ಬಗೆ. ಒಂದು, ಅದೇ ಡಬ್ಬಿಯಲ್ಲಿ ಕಾಗದದ ಬದಲು ಹತ್ತಿ ಬಟ್ಟೆಯ ಫಿಲ್ಟರ್ ಕೂರಿಸುವುದು. ಎರಡನೆಯದಕ್ಕೆ ಡಬ್ಬಿಯನ್ನೇ ತೆಗೆದು ಮೋಟು ಪೈಪು ಹಾಕಿ, ತುದಿಗೆ ಕೋಸುಗಡ್ಡೆ ಗಾತ್ರದ ಕೋನ್ ಫಿಲ್ಟರ್ ಸಿಗಿಸುತ್ತಾರೆ. ಇದು ಬಾನೆಟ್ಟಿನೊಳಗೆ ಎಂಜಿನ್ ಪಕ್ಕದಲ್ಲೇ ಇದ್ದು ಬಿಸಿ ಗಾಳಿ ಎಳೆಯುತ್ತದೆ, ಬಿಸಿ ಗಾಳಿ ತೆಳು. ಮೂರನೆಯದು ಉದ್ದ ಪೈಪಿನದು. ಕೋನ್ ಫಿಲ್ಟರ್ ಕೆಳಗೆ, ಬಂಪರಿನ ಹಿಂದೆ ಕೂರುತ್ತದೆ. ಹೊರಗಿನ ತಣ್ಣನೆಯ ಗಾಳಿ ನೇರ ಒಳಗೆ. ತಣ್ಣನೆ ಗಾಳಿ ಮಂದ, ಎಂಜಿನ್ನಿಗೆ ಅದೇ ಪುಷ್ಟಿ. ನೀರು ನಿಂತ ರಸ್ತೆಯಲ್ಲಿ ಮಾತ್ರ ಹುಷಾರಾಗಿರಬೇಕು, ಫಿಲ್ಟರ್ ಮುಳುಗಿದರೆ ಎಂಜಿನ್ ನೀರು ಕುಡಿದು ಸಾಯುತ್ತದೆ.

ಅಳಿಯನಿಗೆ ಮೂರನೆಯದು ಹಾಕಿದೆ. ಆರಿಸಿದವನು ನಾನೇ. ಇದರ ಕೋನೂ ಹತ್ತಿ ಬಟ್ಟೆಯದೇ, ಹತ್ತಿಯ ಫಿಲ್ಟರ್ ಧೂಳು ಹಿಡಿಯಬೇಕಾದರೆ ಅದಕ್ಕೆ ಎಣ್ಣೆ ಸವರಬೇಕು. ಅದಕ್ಕೆಂದೇ ಒಂದು ಕೆಂಪು ಎಣ್ಣೆಯ ಪುಟ್ಟ ಸೀಸೆ ಪೆಟ್ಟಿಗೆಯಲ್ಲೇ ಬಂದಿತ್ತು. ಎರಡು ತಿಂಗಳು ಗಾಡಿ ಜಿಂಕೆಯ ಹಾಗೆ ಓಡಿತು. ದೀಪಾವಳಿಗೆ ಮುಂಚೆ ನಾನೇ ಫಿಲ್ಟರ್ ಬಿಚ್ಚಿ, ತೊಳೆದು, ಒಣಗಿಸಿ, ಎಣ್ಣೆ ಹಾಕಿ ಮತ್ತೆ ಕೂರಿಸಿದೆ.

ಚಳಿ ಶುರುವಾಯಿತು. ಒಂದು ದಿನ ಬೆಳಿಗ್ಗೆ ಫೋನು.

"ಮಾವ, ಕಾರು ಏರಿ ಮೇಲೆ ನಿಂತೋಯ್ತು."

ನಾನು ಬೈಕು ಹತ್ತಿ ಹೋಗುವ ಹೊತ್ತಿಗೆ ಒಂಬತ್ತೂವರೆ. ಬಿಸಿಲು ಚೆನ್ನಾಗಿ ಬಿದ್ದಿತ್ತು. ಕೀ ತಿರುಗಿಸಿದೆ, ಒಂದೇ ಏಟಿಗೆ ಸ್ಟಾರ್ಟ್. ಯೋಗೀಶ ಪೆಚ್ಚಾದ. ಎರಡು ದಿನ ಬಿಟ್ಟು ಮತ್ತೆ ಅದೇ ಜಾಗ. ನಾಲ್ಕನೇ ದಿನ ಮತ್ತೆ. ಒಂದು ಗಜ ಹಿಂದೆ ಮುಂದೆ ಇಲ್ಲ, ತೂಬಿನ ಹತ್ತಿರವೇ. ನಾನು ಪ್ಲಗ್ ಬದಲಾಯಿಸಿದೆ. ಪೆಟ್ರೋಲ್ ಪಂಪು ಬಿಚ್ಚಿ ನೋಡಿದೆ. ಫಿಲ್ಟರನ್ನೂ ತೆಗೆದು ನೋಡಿದೆ, ಎಣ್ಣೆ ಜಿಡ್ಡು ಹದವಾಗಿತ್ತು, ಆಚೆಯ ಬೆಳಕು ಈಚೆಗೆ ಕಾಣುತ್ತಿತ್ತು. ಸ್ಕ್ಯಾನರ್ ಹಾಕಿದರೆ ಗಾಳಿ ಸಾಲದು ಅಂತ ಒಂದು ಹಳೆಯ ಕೋಡು ತೋರಿಸಿತು. ಗಾಳಿ ಬೇಕಾದಷ್ಟು ಬರುತ್ತಿದೆಯಲ್ಲ, ಸೆನ್ಸರ್ ಕೆಟ್ಟಿರಬೇಕು ಅಂತ ಅದನ್ನೂ ಬದಲಾಯಿಸಿದೆ. ಮಾರನೆಯ ಬೆಳಿಗ್ಗೆ ಕಾರು ಏರಿ ಮೇಲೆ ನಿಂತಿತು.

ಆ ದಿನ ಯೋಗೀಶ ಬೇರೆ ಏನನ್ನೋ ಹೇಳಬೇಕು ಅಂತ ತಡವರಿಸಿದ. "ಏನ್ಲಾ ಅದು?" ಅಂದೆ. ಅಳಿಯನನ್ನು ನಾನು ಹಾಗೆ ಕರೆಯುವವನಲ್ಲ, ಅವತ್ತು ಬಾಯಿ ತಪ್ಪಿತು.

"ನಿಲ್ಲಕ್ಕೆ ಮುಂಚೆ ಸೌಂಡ್ ಬತ್ತದೆ ಮಾವ. ಅಪ್ಪ ಉಸ್ರು ಎಳೀತಿದ್ರಲ್ಲ, ಥೇಟ್ ಹಂಗೆ."

ಅವನು ಇದನ್ನು ಮನೆಯಲ್ಲಿ ತಾಯಿಯ ಮುಂದೆಯೂ ಹೇಳಿಬಿಟ್ಟಿದ್ದ. ಅಲ್ಲಿಂದ ಕಷ್ಟ ನನ್ನ ಮಗಳ ತಲೆ ಮೇಲೆ ಬಂತು.

ನಂದಿನಿಗೆ ಆಗ ಒಂಬತ್ತು ತಿಂಗಳು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಅದೂ ಅಲ್ಲದೆ ಬಿಪಿ ಏರಿತ್ತು. ತಿಪಟೂರಿನ ಡಾಕ್ಟರಮ್ಮ "ನೋವು ಬರೋವರೆಗೂ ಕಾಯಬೇಡಿ, ನಾನು ಹೇಳಿದ ದಿನ ಬೆಳಿಗ್ಗೆ ಏಳೂವರೆಗೆ ಆಪರೇಷನ್‌ಗೆ ಇಲ್ಲಿರಬೇಕು, ತಡ ಆದ್ರೆ ತಾಯಿಗೂ ಮಗೂಗೂ ಒಳ್ಳೇದಲ್ಲ" ಅಂತ ಖಂಡಿತವಾಗಿ ಹೇಳಿದ್ದರು. ಆ ದಿನಕ್ಕೆ ಎಂಟು ದಿನ ಬಾಕಿ. ಮೊದಲೇ ನಮ್ಮ ಮನೆಗೆ ಕರೆದುಕೊಂಡು ಬಂದು ಇಟ್ಟುಕೊಳ್ಳೋಣ ಅಂತ ಹೋದರೆ ಬೀಗಿತ್ತಿ ಸಿದ್ದಗಂಗಮ್ಮನವರು ಬಾಗಿಲಿಗೆ ಅಡ್ಡ ಕೂತರು.

"ಏರಿ ದಾಟ್ಸಲ್ಲ ಕಣಣ್ಣ."

"ಬೇರೆ ಕಾರು ತತ್ತೀನಿ ತಾಯಿ."

"ಕಾರು ಯಾವುದಾದ್ರೇನು? ಅವ್ರಿರೋದು ಏರಿ ಮೇಲೆ."

"ಮಧ್ಯಾಹ್ನ ಕರ್ಕೊಂಡು ಹೋಯ್ತೀನಿ. ಮಧ್ಯಾಹ್ನ ಒಂದ್ಸಲನೂ ನಿಂತಿಲ್ಲ."

"ಹಗಲೊತ್ತು ಕಾಣ್ಸಲ್ಲ ಅಷ್ಟೇಯ. ಇಲ್ಲ ಅಂತಲ್ಲ."

ಆ ಮನೆಯಿಂದ ಹೊರಗೆ ಬರಲು ಏರಿ ಬಿಟ್ಟರೆ ಇರುವುದು ತೋಟದೊಳಗಿನ ಬಂಡಿ ಜಾಡು, ಅದು ಮಳೆಗೆ ಕಿತ್ತುಹೋಗಿತ್ತು. ಮಗಳು ಕಣ್ಣಲ್ಲೇ ಸುಮ್ಮನಿರು ಅಂದಳು. ಆಮೇಲೆ ಹಿತ್ತಲಿಗೆ ಕರೆದು ಹೇಳಿದಳು: "ಅತ್ತೆ ರಾತ್ರಿ ಎಲ್ಲ ಅಳ್ತಾರಪ್ಪ. ನನ್ನ ಕಾಲು ಹಿಡ್ಕೊಂಡು ಅಳ್ತಾರೆ. ಅವರನ್ನ ದಾಟಿ ಹೆಂಗಪ್ಪ ಬರ್ಲಿ? ನೀನು ಮೆಕ್ಯಾನಿಕ್ ಅಲ್ವಾ, ಏನು ಅಂತ ಕಂಡುಹಿಡಿ." ಅವಳ ಕಾಲು ಊದಿಕೊಂಡು ಚಪ್ಪಲಿ ಹಿಡಿಸುತ್ತಿರಲಿಲ್ಲ.

ಮಾರನೆಯ ಬೆಳಗಿನ ಜಾವ ನಾನೇ ಆ ಕಾರಿನಲ್ಲಿ ಕೂತೆ. ರಾತ್ರಿ ಅಲ್ಲೇ ಉಳಿದಿದ್ದೆ. ಕಾರು ನಿಲ್ಲಿಸುವುದು ಮನೆಗೆ ಅಂಟಿಕೊಂಡ ಕಾಯಿ ಅಟ್ಟದ ಕೊಟ್ಟಿಗೆಯಲ್ಲಿ. ನಮ್ಮ ಕಡೆ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ವರ್ಷದ ತನಕ ಬಿಡುತ್ತಾರೆ. ಒಳಗೆ ನೀರು ಬತ್ತಿ, ಕೊಬ್ಬರಿ ಉಂಡೆಯಾಗಿ ಚಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ. ಚಳಿಯಲ್ಲಿ ಕಾಯಿ ಕೆಡಬಾರದು ಅಂತ ಅಟ್ಟದ ಕೆಳಗೆ ಮಟ್ಟೆ, ಸಿಪ್ಪೆಯ ಹೊಗೆ ಹಾಕುತ್ತಾರೆ. ಒಳಗೆ ಬಾಣಂತಿ ಕೋಣೆಯ ಹಾಗೆ ಬೆಚ್ಚಗಿತ್ತು. ತಲೆಯ ಮೇಲೆ ಅಟ್ಟದಲ್ಲಿ ಇಲಿ ಓಡಿದರೆ ಒಣಗಿದ ಕಾಯಿಗಳು ಒಂದಕ್ಕೊಂದು ತಾಗಿ ಗುಡುಗುಡು ಅನ್ನುತ್ತಿದ್ದವು.

ಆರು ಗಂಟೆ. ಯೋಗೀಶ ಕಾರು ಓಡಿಸುತ್ತಿದ್ದ, ಮಾವನಾದ ನಾನು ಮರುಳಪ್ಪನವರು ಕೂತಿದ್ದ ಸೀಟಿನಲ್ಲಿ. ತೋಟದ ನಡುವೆ ಏನೂ ಇಲ್ಲ, ಎಂಜಿನ್ ಹೂವಿನ ಹಾಗೆ. ಏರಿ ಹತ್ತಿದೆವು. ಒಂದು ಕಡೆ ಕೆರೆ ಕಾಣುತ್ತಿರಲಿಲ್ಲ, ಇನ್ನೊಂದು ಕಡೆ ಗದ್ದೆ ಕಾಣುತ್ತಿರಲಿಲ್ಲ. ಎರಡೂ ಕಡೆ ಮಂಜು. ಹಾಲಿನೊಳಗೆ ಹೋದ ಹಾಗೆ. ಮಣ್ಣಿನ ಏರಿ ಅಷ್ಟೇ ತೇಲುತ್ತಿತ್ತು. ಎಂಜಿನ್ ಸ್ವಲ್ಪ ಭಾರವಾಯಿತು. ಯೋಗೀಶ ಆಕ್ಸಿಲರೇಟರ್ ತುಳಿದ, ಗಾಡಿ ಹೋಗಲೊಲ್ಲದು. ಆಗ ಬಾನೆಟ್ಟಿನೊಳಗಿಂದ ಆ ಸದ್ದು ಬಂತು.

ಮೊದಲು ಸಣ್ಣಗೆ, ಸುಂಯ್ ಅಂತ. ಆಮೇಲೆ ಹೀ... ಕ್. ಮತ್ತೆ ಹೀ... ಕ್. ಎದೆ ತುಂಬ ಎಳೆದರೂ ತುಂಬದ ಉಸಿರು. ನಾನು ಮರುಳಪ್ಪನವರ ಪಕ್ಕ ಎಷ್ಟೋ ಮದುವೆ ಮನೆಗಳಲ್ಲಿ ಕೂತು ಊಟ ಮಾಡಿದವನು, ಆ ಉಸಿರು ನನಗೆ ಗೊತ್ತು. ತೂಬಿನ ಕಲ್ಲು ಮಂಜಿನಲ್ಲಿ ಕಪ್ಪಗೆ ಎದ್ದಿತು, ಅಲ್ಲಿಗೆ ಎಂಜಿನ್ ಒಮ್ಮೆ ನಡುಗಿ ನಿಂತಿತು.

ಯೋಗೀಶ ಕೀ ಆಫ್ ಮಾಡಿದ. ಕೀಯನ್ನು ಕಿತ್ತು ಕೈಯಲ್ಲೇ ಹಿಡಿದುಕೊಂಡ. ಆಮೇಲೂ, ಎಂಜಿನ್ ಸತ್ತ ಮೇಲೂ, ಮುಂದುಗಡೆಯಿಂದ ಉಸ್ಸ್... ಅಂತ ಉದ್ದನೆಯ ಒಂದು ಉಸಿರು ಬಂತು. ಬಿಟ್ಟ ಉಸಿರು. ಯಾರೋ ಬಾನೆಟ್ಟಿನ ಮೇಲೆ ತಲೆಯಿಟ್ಟು ಸುಧಾರಿಸಿಕೊಂಡ ಹಾಗೆ.

ಸುಳ್ಳು ಯಾಕೆ ಹೇಳಲಿ, ನನ್ನ ಮೈಕೂದಲು ನಿಂತವು. ಕೊರಳಿನ ಲಿಂಗ ಹಿಡಿದುಕೊಂಡು ಶಿವ ಶಿವ ಅಂದೆ. ಓಡಿಹೋಗೋಣ ಅನ್ನಿಸಿತು. ಅಷ್ಟರಲ್ಲಿ ಮಗಳ ಊದಿದ ಕಾಲು ಕಣ್ಣ ಮುಂದೆ ಬಂದವು. ಇಳಿದೆ. ಇಲ್ಲಿಯವರೆಗೆ ನಾನು ಈ ಕಾರನ್ನು ನೋಡಿದ್ದೆಲ್ಲ ಬಿಸಿಲು ಬಿದ್ದ ಮೇಲೆ. ಕೆಟ್ಟ ಹೊತ್ತಿನಲ್ಲಿ ಒಮ್ಮೆಯೂ ಮುಟ್ಟಿರಲಿಲ್ಲ. ಬಾನೆಟ್ ಎತ್ತಿದೆ. ಉದ್ದ ಪೈಪನ್ನು ಎಂಜಿನ್ನಿಗೆ ಸೇರಿಸುವ ರಬ್ಬರ್ ಹೋಸು ಚಪ್ಪಟೆಯಾಗಿ ಒಳಕ್ಕೆ ಎಳೆದುಕೊಂಡಿತ್ತು. ನಾನು ನೋಡುತ್ತಿದ್ದ ಹಾಗೆಯೇ ಅದು ಕ್ಲಾಂಪಿನ ಸಂದಿಯಿಂದ ಗಾಳಿ ಎಳೆದುಕೊಳ್ಳುತ್ತಾ ನಿಧಾನಕ್ಕೆ ಉಬ್ಬುತ್ತಿತ್ತು. ಸದ್ದು ಅದರದು! ಹೋಸು ಚಪ್ಪಟೆಯಾಗಬೇಕಾದರೆ ಮುಂದೆ ಎಲ್ಲೋ ದಾರಿ ಮುಚ್ಚಿರಬೇಕು. ನೆಲದ ಮೇಲೆ ಮಲಗಿ ಬಂಪರಿನ ಕೆಳಗೆ ಕೈ ತೂರಿಸಿದೆ. ಫಿಲ್ಟರ್ ಕೈಗೆ ಹೆಣದ ಹಾಗೆ ತಣ್ಣಗೆ ತಾಗಿತು. ಟಾರ್ಚು ಬಿಟ್ಟೆ. ಕೆಂಪು ಬಟ್ಟೆಯ ಫಿಲ್ಟರು ಬೆಳ್ಳಗಾಗಿತ್ತು.

ಉಗುರಿನಿಂದ ಕೆರೆದೆ, ಬೆಣ್ಣೆಯ ಹಾಗೆ ಬಂತು. ಎರಡು ಬೆರಳ ನಡುವೆ ಉಜ್ಜಿದೆ, ನನ್ನ ಮೈ ಶಾಖಕ್ಕೆ ಕರಗಿ ನೀರಾಯಿತು. ಮೂಗಿಗೆ ಹಿಡಿದೆ.

ಕೊಬ್ಬರಿ ಎಣ್ಣೆ.

ಏರಿಯ ಮೇಲೆ, ಆ ಮಂಜಿನಲ್ಲಿ, ದೆವ್ವದ ಹೆದರಿಕೆ ಹೋಗಿ ನನ್ನದೇ ಕೈಕೆಲಸ ನೆನಪಾಯಿತು. ದೀಪಾವಳಿಗೆ ಮುಂಚೆ ಫಿಲ್ಟರ್ ತೊಳೆದಾಗ ಕೆಂಪು ಎಣ್ಣೆಯ ಸೀಸೆ ಬರಿದಾಗಿತ್ತು. ಬೆಂಗಳೂರಿನಿಂದ ತರಿಸಲು ನಾಲ್ಕು ದಿನ. ನಮ್ಮ ಊರಿನಲ್ಲಿ ತಲೆಗೆ, ಗಾಯಕ್ಕೆ, ಬಾಗಿಲ ಕೀಲಿಗೆ, ಹೊಲಿಗೆ ಮಿಷನ್ನಿಗೆ, ಎಲ್ಲಕ್ಕೂ ಒಂದೇ ಎಣ್ಣೆ. ಕೈಗೆ ಸಿಕ್ಕಿದ ಗಾಣದ ಎಣ್ಣೆಯನ್ನು ಧಾರಾಳವಾಗಿ ಹೊಯ್ದಿದ್ದೆ. ಹೊಯ್ದು ಮರೆತೂಬಿಟ್ಟಿದ್ದೆ. ಚಳಿಗೆ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುವುದು ಇಲ್ಲಿನ ಕೂಸಿಗೂ ಗೊತ್ತು. ಮಾಗಿಯಲ್ಲಿ ನಾವೆಲ್ಲ ಸೀಸೆಯನ್ನು ಒಲೆ ಪಕ್ಕ ಇಟ್ಟು ಕರಗಿಸಿ ತಲೆಗೆ ಹಚ್ಚಿಕೊಳ್ಳುತ್ತೇವೆ. ಮೂವತ್ತನಾಲ್ಕು ವರ್ಷದ ಮೆಕ್ಯಾನಿಕ್ಕಿಗೆ ಅದು ಹೊಳೆಯಲಿಲ್ಲ. ಹೊಗೆ ಹಾಕಿದ ಕೊಟ್ಟಿಗೆಯಲ್ಲಿ ಎಣ್ಣೆ ನೀರಾಗಿಯೇ ಇರುತ್ತಿತ್ತು. ಏರಿಯ ಮಂಜಿಗೆ ಬಂದು, ತಣ್ಣನೆ ಗಾಳಿ ಫಿಲ್ಟರನ್ನು ಹೊಕ್ಕು ಅದು ಗಟ್ಟಿಯಾಗಲು ಲೆಕ್ಕ ಹಾಕಿದ ಹಾಗೆ ತೂಬಿನವರೆಗೆ ಹೊತ್ತು ಹಿಡಿಯುತ್ತಿತ್ತು. ಆಮೇಲೆ ಎದುರು ಬಿಸಿಲು ಬಂಪರಿಗೆ ಬಿದ್ದು ಕರಗುತ್ತಿತ್ತು. ನಾನು ಬರುವ ಹೊತ್ತಿಗೆ ಎಲ್ಲ ಸರಿ.

ಯೋಗೀಶನಿಗೆ ತೋರಿಸಿದೆ. ಅವನು ಮೊದಲು ನಕ್ಕ, ಆಮೇಲೆ ಸ್ಟೀರಿಂಗಿಗೆ ಹಣೆ ಕೊಟ್ಟು ಅತ್ತ. ನಂತರ ಮೆಲ್ಲಗೆ ಅಂದ: "ಅವ್ವನಿಗೆ ಫಿಲ್ಟರ್ ಕೊಳೆ ಆಗಿತ್ತು ಅಂದ್ಬುಡಣ ಮಾವ. ನೀವು ಹಾಕಿದ್ದು ಅಂತ ಯಾಕೆ? ನಿಮ್ಮ ಮರ್ಯಾದೆ..."

ನನಗೂ ಆಸೆಯಾಯಿತು. ಬೀಗರ ಮನೆ, ಹೆಣ್ಣು ಕೊಟ್ಟವನು. ಆದರೆ ಅರ್ಧ ಸುಳ್ಳಿಗೆ ಆ ಹೆಂಗಸು ದಾರಿ ಬಿಡುವುದಿಲ್ಲ ಅನ್ನಿಸಿತು. ಫಿಲ್ಟರ್ ಬಿಚ್ಚಿಕೊಂಡು ಮನೆಯವರೆಗೆ ನಡೆದೆ. ಸಿದ್ದಗಂಗಮ್ಮನವರ ಮುಂದೆ ಇಟ್ಟು, ಬೆಳ್ಳಗಿರುವುದನ್ನು ಅವರ ಕೈಯಲ್ಲೇ ಕೆರೆಸಿ, ಒಲೆಯ ಹತ್ತಿರ ಹಿಡಿದು ಕರಗಿಸಿ ತೋರಿಸಿದೆ.

"ಇದು ನಾನು ಮಾಡಿದ ತಪ್ಪು ತಾಯಿ. ನನ್ನ ಕೈಯಾರೆ ಮಾಡಿದ್ದು. ನಿಮ್ಮನ್ನ ಹದಿನೈದು ದಿನ ಅಳ್ಸಿದವನು ನಾನು, ಅವ್ರಲ್ಲ."

ಅವರು ಬೆರಳಿನ ಎಣ್ಣೆಯನ್ನು ಸೆರಗಿಗೆ ಒರೆಸಿಕೊಂಡರು.

"ಹಂಗಾರೆ ಅವ್ರು ಬಂದಿರ್ಲಿಲ್ವಾ?"

ನಾನು ಫಿಲ್ಟರನ್ನು ಅವರ ಕಡೆ ಇನ್ನೊಮ್ಮೆ ತಿರುಗಿಸಿ ತೋರಿಸಿದೆ. "ಸರಿ, ಅದೇ ಜಾಗದಲ್ಲೇ ಯಾಕಣ್ಣ ನಿಲ್ತಿತ್ತು?" ಅಂತ ಕೇಳಿದರು. ಹೇಳಿದೆ. ಕೊಟ್ಟಿಗೆಯೊಳಗಿನ ಬೆಚ್ಚನೆ, ಹೊಗೆ, ಆಮೇಲೆ ಏಕಾಏಕಿ ಏರಿಯ ಥಂಡಿ ಗಾಳಿ. ಹೇಳಿ ಮುಗಿಸುವ ಹೊತ್ತಿಗೆ ನಾನು ಹೇಳುತ್ತಿದ್ದದ್ದು ಕಾರಿನ ಮಾತಾಗಿ ಉಳಿದಿರಲಿಲ್ಲ. ಅವರಿಗೂ ಅದು ತಿಳಿಯಿತು. ಅಟ್ಟದ ಹೊಗೆಯ ಮನೆಯಿಂದ ದಮ್ಮಿನ ಮನುಷ್ಯನನ್ನು ಅದೇ ಹೊತ್ತಿನಲ್ಲಿ, ಅದೇ ಮಂಜಿಗೆ ಕರೆದುಕೊಂಡು ಹೋಗಿದ್ದರು. ಅವರ ಉಸಿರು ನಿಂತದ್ದೂ ಅಲ್ಲೇ.

"ಗಾಳಿ ಬೇಕು, ಗಾಳಿ ಬೇಕು ಅಂದ್ರು ಕಣಣ್ಣ," ಅಂದರು ಸಿದ್ದಗಂಗಮ್ಮ. "ನಾನು ಹಿಂದ್ಗಡೆ ಕೂತಿದ್ದೆ. ಯೋಗೀಶ ಮಂಜಲ್ಲಿ ರೋಡ್ ನೋಡ್ತಿದ್ದ, ಕೈ ಚಾಚಿ ಅವ್ರ ಕಡೆ ಕಿಟಕಿ ನಾನೇ ಇಳ್ಸಿದ್ದು. ಇಳ್ಸಿದ್ ತಕ್ಷಣ ಎದೆ ಹಿಡ್ಕೊಂಡ್ರು. ವರ್ಷ ಆಯ್ತು, ಯಾರ್ ಮುಂದೂ ಹೇಳಿಲ್ಲ. ನನ್ ಮೇಲೆ ಕ್ವಾಪ ಮಾಡ್ಕೊಂಡು ಅಲ್ಲೇ ನಿಂತವ್ರೆ, ನನ್ ಮೊಮ್ಮಗೂನ ತಕ್ಕೊಂಡು ಹೋಯ್ತಾರೆ ಅಂತ..."

ನನ್ನ ಹಿಂದೆಯೇ ಬಂದಿದ್ದ ಯೋಗೀಶ ಒಳಗೆ ಬಂದು ತಾಯಿಯ ಕಾಲ ಹತ್ತಿರ ಕೂತ. ನಂದಿನಿ ಗೋಡೆ ಹಿಡಿದುಕೊಂಡು ಬಂದು ಅತ್ತೆಯ ಪಕ್ಕ ಕಷ್ಟಪಟ್ಟು ಕೂತಳು. ನಾನು ಮೆಕ್ಯಾನಿಕ್ಕು, ಡಾಕ್ಟರಲ್ಲ. ಚಳಿಯಿಂದ ಸತ್ತರು ಅಂತಲೂ ಹೇಳಲಾರೆ, ಅಲ್ಲ ಅಂತಲೂ ಹೇಳಲಾರೆ. "ಗಾಳಿ ಕೇಳಿದವ್ರಿಗೆ ಗಾಳಿ ಕೊಟ್ರಿ ತಾಯಿ. ಇನ್ನೇನ್ ಮಾಡಕ್ಕಾಯ್ತಿತ್ತು?" ಅಂದೆ. ಅಷ್ಟೇ ತೋಚಿದ್ದು.

ಆ ಮಧ್ಯಾಹ್ನ ಉದ್ದ ಪೈಪು, ಕೋನು ಎಲ್ಲ ಕಿತ್ತು ಕಂಪನಿಯ ಹಳೆಯ ಡಬ್ಬಿ, ಕಾಗದದ ಫಿಲ್ಟರ್ ಕೂರಿಸಿದೆ. ಮೂರು ದಿನ ಬೆಳಿಗ್ಗೆ ಆರಕ್ಕೆ ನಾನೂ ಯೋಗೀಶನೂ ಏರಿ ದಾಟಿ ತೋರಿಸಿದೆವು. ಕಾರು ಒಮ್ಮೆಯೂ ನಿಲ್ಲಲಿಲ್ಲ. ನಂದಿನಿಯನ್ನು ಮೊದಲೇ ಕಳಿಸಿ ಅಂತ ನಾನು ಒತ್ತಾಯ ಮಾಡಲಿಲ್ಲ. "ನಾನೇ ಕರ್ಕೊಂಡು ಬತ್ತೀನಿ, ಡಾಕ್ಟ್ರು ಹೇಳಿದ ದಿನವೇ," ಅಂದರು ಬೀಗಿತ್ತಿ.

ಹಾಗೇ ಮಾಡಿದರು. ಆ ಬೆಳಿಗ್ಗೆ ಮುಂದಿನ ಸೀಟಿನಲ್ಲಿ ಅವರೇ ಕೂತರು. ಹಿಂದೆ ನಾನು, ಪಕ್ಕದಲ್ಲಿ ಕಂಬಳಿ ಹೊದ್ದ ನಂದಿನಿ. ಕಿಟಕಿ ಎಲ್ಲ ಏರಿಸಿದ್ದೆವು. ಮಂಜು ಅವತ್ತು ಎಲ್ಲ ದಿನಕ್ಕಿಂತ ಹೆಚ್ಚು. ತೂಬಿನ ಕಲ್ಲು ಹತ್ತಿರ ಬಂತು. ಯೋಗೀಶ ಗೇರು ಇಳಿಸಿದ. ಸಿದ್ದಗಂಗಮ್ಮನವರು ಕಿಟಕಿ ಗಾಜಿನ ಮೇಲೆ ಅಂಗೈ ಊರಿ, ಕಲ್ಲು ಹಿಂದೆ ಸರಿದು ಮಂಜಿನಲ್ಲಿ ಕರಗುವವರೆಗೂ ಹಾಗೇ ಇಟ್ಟುಕೊಂಡಿದ್ದರು. ಏರಿ ಇಳಿದು ಟಾರು ರಸ್ತೆಗೆ ಚಕ್ರ ತಾಗಿತು.

"ಅಪ್ಪಾ," ಅಂದಳು ನಂದಿನಿ, "ಉಸ್ರು ಬುಡು."

ನಾನು ಅಲ್ಲಿಯವರೆಗೆ ಉಸಿರು ಹಿಡಿದಿದ್ದೆ! ನಾಲ್ಕು ಜನವೂ ಒಟ್ಟಿಗೆ ನಕ್ಕೆವು, ಬೀಗಿತ್ತಿ ಅಳುತ್ತಾ ನಕ್ಕರು. ಒಂಬತ್ತೂಕಾಲಿಗೆ ನನ್ನ ಬಂಗಾರ ಹುಟ್ಟಿತು. ಎರಡೂಮುಕ್ಕಾಲು ಕೆಜಿ. ನರ್ಸು ತಂದು ಮೊದಲು ಸಿದ್ದಗಂಗಮ್ಮನವರ ಕೈಗೆ ಕೊಟ್ಟಳು, ನನಗೆ ಹೊಟ್ಟೆಕಿಚ್ಚಾಯಿತು. ಆ ಹೊಟ್ಟೆಕಿಚ್ಚು ಇನ್ನೂ ಇದೆ.

ಈಗಲೂ ಹುಡುಗರು ಮೊಬೈಲು ಹಿಡಿದು ಇಂಟೇಕ್ ಕೇಳಿಕೊಂಡು ಬರುತ್ತಾರೆ. ಎಷ್ಟು ಪವರ್ ಬೇಕು ಅಂತ ನಾನು ಕೇಳುವುದಿಲ್ಲ. ಗಾಡಿ ಎಲ್ಲಿ ನಿಲ್ಲಿಸುತ್ತೀ, ಎಷ್ಟು ಹೊತ್ತಿಗೆ ಹೊರಡುತ್ತೀ, ತೊಳೆದ ಮೇಲೆ ಎಣ್ಣೆ ಹಾಕುವವರು ಯಾರು ಅಂತ ಕೇಳುತ್ತೇನೆ. ಅರ್ಧ ಜನ ಕಂಪನಿ ಡಬ್ಬಿಯೇ ಇರಲಿ ಅಂತ ಹಿಂದಕ್ಕೆ ಹೋಗುತ್ತಾರೆ. ಅದು ಕಸುಬು ಕಲಿಸಿದ ಸಣ್ಣ ಪಾಠ. ದೊಡ್ಡದು ಬೇರೆ. ಕೆಟ್ಟ ಗಾಡಿಯ ಮುಂದೆ ನಿಂತಾಗ ಮೊದಲು ಅನುಮಾನ ಪಡಬೇಕಾದದ್ದು ನಾನೇ ಕೊನೆಗೆ ಮುಟ್ಟಿದ ಜಾಗವನ್ನು. ತಪ್ಪು ನನ್ನದೇ ಅಂತ ಕಂಡರೆ, ಮರ್ಯಾದೆ ಹೋದರೂ ಹೋಗಲಿ, ಬಾಯಿ ಬಿಟ್ಟು ಹೇಳಿಬಿಡಬೇಕು. ಎದುರಿಗೆ ಕೂತವರು ಎದೆಯೊಳಗೆ ಏನು ಗಟ್ಟಿ ಮಾಡಿಕೊಂಡು ಎಷ್ಟು ದಿನದಿಂದ ಕೂತಿದ್ದಾರೋ, ಅವರೂ ಬಾಯಿ ಬಿಡುವುದಕ್ಕೆ ಯಾರಾದರೂ ಒಬ್ಬರು ಮೊದಲು ಶುರು ಮಾಡಬೇಕಲ್ಲ.